ಲೋ ನ್ಯೂಟನ್ನಿನ ಕಡಲತಡಿಯಲ್ಲಿ

ಇಂಗ್ಲೆಂಡಿನವರು 'ಪಬ್' ಎಂದು ಕರೆಯುವ ಮನೆಯ ಹೆಸರನ್ನೆತ್ತಿದೊಡನೆಯೇ ನಮ್ಮ ಗೃಹಸ್ಥರ ಕಣ್ಣ ಮುಂದೆ ಊರ ಹೊರಗಿನ ಹೆಂಡದಂಗಡಿಯು ಬಂದು ನಿಲ್ಲುವುದು ಸಹಜ. ಹೆಂಗಸರೂ ಮಕ್ಕಳೂ ಅತ್ತ ತಲೆಯೆತ್ತಿ ನೋಡಕೂಡದು, ನೋಡಿದರೂ ಕಾಣುವುದೇನು? ಹುಳಿವಾಸನೆ, ಬೈಗುಳ, ಮಂಕು ದೀಪ. ಆದರೆ ಆ ಹೆಸರಿನ ಪೂರ್ಣರೂಪವು 'ಪಬ್ಲಿಕ್ ಹೌಸ್', ಎಂದರೆ ಸರ್ವರಿಗೂ ತೆರೆದ ಮನೆ. ಅಲ್ಲಿಯ ಪಬ್ಬುಗಳೆಲ್ಲವೂ ಈ ಹೆಸರಿಗೆ ತಕ್ಕವಾಗಿವೆಯೆಂದು ನಾನು ಹೇಳಲಾರೆ. ತಕ್ಕುದಾದ ಒಂದನ್ನು ಕಳೆದ ಬೇಸಗೆಯಲ್ಲಿ ಸಂಸಾರಸಮೇತರಾಗಿ ನೋಡಿ ಬಂದೆವು. ಅದರ ವಿಚಾರವನ್ನು ವಾಚಕರ ಮುಂದಿಡುತ್ತೇನೆ.

ಉದ್ಯೋಗನಿಮಿತ್ತವಾಗಿ ನಾವಿರುವುದು ನ್ಯೂಕಾಸಲ್ ನಗರದಲ್ಲಿ. ಅಲ್ಲಿಂದ ಉತ್ತರಕ್ಕೆ 40 ಮೈಲಿಗೂ ಸ್ವಲ್ಪ ಹೆಚ್ಚು ದೂರ ಹೋದರೆ ನಾರ್ಥಂಬರ್ಲೆಂಡ್ ಸೀಮೆಯ ಕಡಲ ತೀರದಲ್ಲಿ ಲೋ ನ್ಯೂಟನ್ ಎಂಬ ಪುಟ್ಟ ಊರು ಸಿಕ್ಕುತ್ತದೆ. ಆ ಬೇಸಗೆಯಲ್ಲಿ ತೀರ್ಥಹಳ್ಳಿಯ ಕಡೆಯಿಂದ ನನ್ನ ಸೋದರತ್ತೆಯವರು ನಮ್ಮಲ್ಲಿಗೆ ಬಂದಿದ್ದರು. ಅವರ ವಿಷಯವಾಗಿ ಇಲ್ಲಿಯೇ ಒಂದು ಮಾತು ಹೇಳಬೇಕು. ಅವರ ಯಜಮಾನರ ಅಡಕೆಯ ತೋಟವು ತುಂಡುತುಂಡಾಗಿ ಸಾರಾಯಿ ಅಂಗಡಿಯ ಪಾಲಾಯಿತು. ತೋಟ ಮುಗಿದ ಎರಡು ವರ್ಷಕ್ಕೆ ಯಜಮಾನರೂ ತೀರಿಹೋದರು. ಆ ಅಂಗಡಿಯ ಮುಂದಿನ ದಾರಿಯಲ್ಲಿ ನಡೆಯಬೇಕಾಗಿ ಬಂದಾಗಲೆಲ್ಲ ಅತ್ತೆಯವರು ಸೆರಗನ್ನು ಮುಖಕ್ಕೆ ಮರೆಮಾಡಿಕೊಂಡು ರಸ್ತೆಯ ಆಚೆಯ ಬದಿಗೆ ಸರಿಯುತ್ತಿದ್ದುದನ್ನು ಬಾಲ್ಯದಲ್ಲಿ ನಾನೇ ಕಂಡಿದ್ದೇನೆ. ಅಂಥವರನ್ನು ಕರೆದುಕೊಂಡು ಪಬ್ಬಿಗೆ ಹೊರಟೆವೆಂದರೆ ನಗುವವರು ನಗಬಹುದು. ನಾವು ಹೊರಟುದು ಸಮುದ್ರ ನೋಡಲು. ಊಟ ದೊರೆಯುವ ಸ್ಥಳ ಅದಾಗಿದ್ದಿತು.

ಊರೊಳಗೆ ಪ್ರವಾಸಿಗರ ಮೋಟಾರುಗಳಿಗೆ ಎಡೆಯಿಲ್ಲ. ಮೇಲಿನ ದಿಣ್ಣೆಯ ಬಯಲಿನಲ್ಲಿ ಗಾಡಿಯನ್ನು ನಿಲ್ಲಿಸಿ ಇಳಿಜಾರಿನಲ್ಲಿ ನಡೆದು ಬರಬೇಕು. ಈ ಏರ್ಪಾಡು ನನಗೆ ಬಹಳ ಹಿಡಿಸಿತು. ಸಮುದ್ರದ ಗಾಳಿಯು ಮೊದಲು ಮುಖಕ್ಕೆ ತಗಲಿ, ಆಮೇಲೆ ಸಮುದ್ರವು ಕಾಣುತ್ತದೆ. ಕೆಳಗೆ ಹುಲ್ಲು ಬೆಳೆದ ಒಂದು ಚೌಕ. ಅದರ ಮೂರು ಬದಿಗಳಲ್ಲಿ ಹದಿನೆಂಟನೆಯ ಶತಮಾನದ ಬೆಸ್ತರ ಮನೆಗಳು, ಎಲ್ಲವೂ ಗಿಡ್ಡ, ಎಲ್ಲಕ್ಕೂ ಕೆನೆಬಣ್ಣದ ಸುಣ್ಣ. ನಾಲ್ಕನೆಯ ಬದಿಯಲ್ಲಿ ಮನೆಯೇ ಇಲ್ಲ, ಕಡಲು! ಈ ಚೌಕವನ್ನು ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯು ತನ್ನ ಸ್ವಾಧೀನದಲ್ಲಿಟ್ಟುಕೊಂಡು ಕಾಪಾಡುತ್ತಿದೆ. ಚೌಕದ ಮೂಲೆಯಲ್ಲಿರುವುದೇ 'ಶಿಪ್ ಇನ್', ಹಡಗಿನ ಹೆಸರಿನ ಆ ಪಬ್ಬು. ನೆರೆಮನೆಗಳ ಮಧ್ಯದಲ್ಲಿ ಅದೂ ಒಂದು ಮನೆಯಾಗಿ ನಿಂತಿರುವುದರಿಂದ, ಹಲಗೆಯ ಮೇಲಿನ ಹೆಸರನ್ನು ಓದದಿದ್ದರೆ ದಾಟಿಯೇ ಹೋಗುವಂತಿದೆ. ಎದುರಿಗೆ ನೀರಿನೊಳಗಿರುವ ಬಂಡೆಗಳ ಸಾಲು ತೆರೆಗಳ ರಭಸವನ್ನು ತಡೆಯುವುದರಿಂದ ಮಕ್ಕಳು ಮೊಣಕಾಲುದ್ದ ನೀರಿನಲ್ಲಿ ಆಡುತ್ತಿದ್ದರೆ ತಾಯಂದಿರು ದಡದಲ್ಲಿ ನಿಶ್ಚಿಂತೆಯಿಂದ ಕುಳಿತಿರುತ್ತಾರೆ. ದಕ್ಷಿಣಕ್ಕೆ ಕೊಲ್ಲಿಯಾಚೆ ಡನ್‌ಸ್ಟನ್‌ಬರೋ ಕೋಟೆಯ ಮುರುಕು ಗೋಪುರಗಳು ಕಾಣಿಸುತ್ತವೆ. 1313ರಲ್ಲಿ ಅದನ್ನು ಕಟ್ಟಿಸತೊಡಗಿದ ಲ್ಯಾಂಕಾಸ್ಟರಿನ ಥಾಮಸ್ ಪ್ರಭುವು ಅರಸನ ವಿರುದ್ಧ ದಂಗೆಯೆದ್ದು 1322ರಲ್ಲಿ ತಲೆ ಕೊಟ್ಟನು.

ಬಾಗಿಲ ಬಳಿ ಬಂದಾಗ ಅತ್ತೆಯವರು ನಿಂತುಬಿಟ್ಟರು.

"ನೀವು ಹೋಗಿ ಬನ್ನಿರಪ್ಪ. ನಾನು ಇಲ್ಲೇ ಹುಲ್ಲಿನ ಮೇಲೆ ಕೂತಿರುತ್ತೇನೆ" ಎಂದರು.

ಬಲವಂತ ಮಾಡುವ ಪ್ರಸಂಗವಲ್ಲ. ಅಲ್ಲಿಯ ಜನರಲ್ಲಿ ಅರ್ಧಕ್ಕರ್ಧ ಮಂದಿ ಹೊರಗೆ ಬೆಂಚುಗಳಲ್ಲಿ ಕುಳಿತೇ ಊಟ ಮಾಡುತ್ತಿದ್ದುದರಿಂದ ತೊಂದರೆಯೂ ಇರಲಿಲ್ಲ. ನನ್ನ ಹೆಂಡತಿ ಅವರ ಜೊತೆಯಲ್ಲಿ ಕುಳಿತಳು. ಮಕ್ಕಳಿಬ್ಬರೂ ನಾನೂ ಒಳಹೊಕ್ಕೆವು. ಮಕ್ಕಳನ್ನು ಒಳಗೆ ಬಿಡುವರೇ ಎಂದು ಕೇಳುವವರುಂಟು. 1908ರ ಕಾನೂನಿನಂತೆ ಹದಿನಾಲ್ಕು ವರ್ಷದೊಳಗಿನವರು ಮದ್ಯ ಮಾರುವ ಕೋಣೆಗೆ ಕಾಲಿಡುವಂತಿರಲಿಲ್ಲ. ಈಗ ನಡೆಯುತ್ತಿರುವುದು 2003ರ ಕಾನೂನು. ದೊಡ್ಡವರ ಜೊತೆಯಲ್ಲಿ ಬಂದ ಮಕ್ಕಳಿಗೆ ಅಡ್ಡಿಯಿಲ್ಲ, ಹದಿನೆಂಟು ತುಂಬದವರಿಗೆ ಮದ್ಯವನ್ನು ಮಾರುವುದು ಮಾತ್ರ ಅಪರಾಧ. ಒಳಗೆ ತಗ್ಗಿನ ತೊಲೆಗಳು, ಒಂದು ಒಲೆ, ಮೇಜುಗಳ ಕೆಳಗೆ ಮಲಗಿದ ಒದ್ದೆ ನಾಯಿಗಳು. ಹೊಗೆಬತ್ತಿಯ ವಾಸನೆ ಎಳ್ಳಷ್ಟೂ ಇಲ್ಲ. 2007ರ ಜುಲೈ 1ರಿಂದ ಇಂಗ್ಲೆಂಡಿನಲ್ಲಿ ಇಂತಹ ಸ್ಥಳಗಳ ಒಳಗೆ ಧೂಮಪಾನವು ನಿಷಿದ್ಧ. ನಮ್ಮ ಕರ್ನಾಟಕದಲ್ಲಿ ಸಾರಾಯಿಯ ಮಾರಾಟವು ನಿಂತದ್ದೂ ಅದೇ ವರ್ಷದ ಅದೇ ದಿನವೆಂಬುದು ಆಗ ನನ್ನ ನೆನಪಿಗೆ ಬಂದಿತು. ಅತ್ತೆಯವರ ಪಾಲಿಗೆ ಅದು ಬಹಳ ತಡವಾಗಿ ಬಂದ ದಿನ.

ಈ ಮನೆಯ ಹೆಗ್ಗಳಿಕೆಯೆಂದರೆ ಅದರ ಏಲ್. ಪಬ್ಬಿಗೆ ಸೇರಿದಂತೆಯೇ ಒಂದು ಪುಟ್ಟ ಬಟ್ಟಿಮನೆಯಿದ್ದು, 2008ರಿಂದ ಅಲ್ಲಿಯೇ ಏಲನ್ನು ಇಳಿಸುವ ಪದ್ಧತಿ ಬಂದಿದೆ. ಬಟ್ಟಿಯೆಂದರೆ ಸಾರಾಯಿಯಂತೆ ಆವಿ ಹಿಡಿಯುವುದೆಂದು ತಿಳಿಯಬಾರದು. ಮೊಳಕೆ ಬರಿಸಿ ಒಣಗಿಸಿದ ಜವೆಗೋಧಿಯ ಸಿಹಿ ಕಷಾಯಕ್ಕೆ ಹಾಪ್ ಎಂಬ ಬಳ್ಳಿಯ ಕಹಿ ಹೂವನ್ನು ಹಾಕಿ ಕುದಿಸಿ, ಆರಿದ ಮೇಲೆ ಯೀಸ್ಟನ್ನು ಸೇರಿಸುತ್ತಾರೆ. ರಾತ್ರಿ ರುಬ್ಬಿಟ್ಟ ದೋಸೆಯ ಹಿಟ್ಟು ಬೆಳಗಿಗೆ ಉಬ್ಬುವಂತೆ ಅದು ಹುದುಗುತ್ತದೆ. ಇಷ್ಟು ಎಲ್ಲ ಬೀರಿಗೂ ಸಾಮಾನ್ಯ. 'ರಿಯಲ್ ಏಲ್', ಎಂದರೆ ನಿಜವಾದ ಏಲ್, ಎನ್ನಿಸಿಕೊಳ್ಳುವುದು ಪೀಪಾಯಿಯೊಳಗೆ ಹೋದ ಮೇಲೂ ಸಜೀವವಾಗಿದ್ದು ಎರಡನೆಯ ಸಲ ಹುದುಗಬೇಕು. ಹೊರಗಿನ ಅನಿಲವನ್ನು ತುಂಬದೆ, ಸಾಮಾನ್ಯವಾಗಿ ನೆಲಮಾಳಿಗೆಯಿಂದ ಕೈಪಂಪಿನಲ್ಲಿ ಎಳೆದು ಕೊಡುತ್ತಾರೆ. ದೊಡ್ಡ ಕಂಪೆನಿಗಳು ಸೋಸಿ, ಕಾಯಿಸಿ, ಅನಿಲ ತುಂಬಿದ ಬೀರನ್ನೇ ಎಲ್ಲೆಡೆಗೂ ಕಳುಹಿಸತೊಡಗಿದಾಗ ಹಳೆಯ ಪದ್ಧತಿಯು ಅಳಿಯುವಂತಾಯಿತು. ಅದನ್ನು ಉಳಿಸಲು 1971ರಲ್ಲಿ ನಾಲ್ವರು ಗೆಳೆಯರು ಹೂಡಿದ ಸಂಘಕ್ಕೆ 'ಕ್ಯಾಮ್ರಾ' ಎಂದು ಹೆಸರು. ಇಂದು ಅದು ಆ ದೇಶದ ಬಲವಾದ ಗ್ರಾಹಕಸಂಘಗಳಲ್ಲೊಂದು.

ಬೆಳಗಿನಲ್ಲಿ ಸಿಹಿಯಾಗಿದ್ದ ಈಚಲ ನೀರಾ ಸಂಜೆಗೆ ಹುಳಿಯುವುದನ್ನು ಬಲ್ಲ ನಮಗೆ ಈ ಏಲಿನ ಕಷ್ಟವು ಬೇಗ ಅರ್ಥವಾಗುತ್ತದೆ. ಸಾಧಾರಣ ಪೀಪಾಯಿಯೊಂದರಲ್ಲಿ 9 ಗ್ಯಾಲನ್, ಎಂದರೆ 72 ಪಿಂಟು ಹಿಡಿಯುತ್ತದೆ. ಒಮ್ಮೆ ತೆರೆದರೆ ಸುಮಾರು ಮೂರು ದಿನಗಳಲ್ಲಿ ಅದು ಮುಗಿಯಬೇಕು. ಇಲ್ಲವಾದರೆ ಗಾಳಿ ತಾಗಿ ಕೆಡುತ್ತದೆ. ಮೂಲೆಯಲ್ಲಿ ಕುಳಿತ ನಾಲ್ಕು ಜನ ಹಳೆಯ ಗಿರಾಕಿಗಳನ್ನು ನಂಬಿ ಇಂತಹ ವ್ಯಾಪಾರವನ್ನು ನಡೆಸುವುದು ಕಷ್ಟ. ಮಧ್ಯಾಹ್ನದ ಊಟಕ್ಕೆ ಬರುವ ಸಂಸಾರಗಳು, ತೀರದುದ್ದಕ್ಕೂ ನಡೆದು ದಣಿದವರು, ಮುದುಕರು, ಮುದುಕಿಯರು, ಹೀಗೆ ಹಗಲೆಲ್ಲ ಜನ ತುಂಬಿದ್ದರೆ ಪೀಪಾಯಿಯೂ ಹೊಸದಾಗಿರುತ್ತದೆ. ಹೆಂಗಸರು ಮಕ್ಕಳು ಹಾಯಾಗಿ ಕೂಡಬಲ್ಲ ಮನೆಯಲ್ಲಿಯೇ ಏಲು ಚೆನ್ನಾಗಿರುವುದಕ್ಕೆ ಇದೂ ಒಂದು ಕಾರಣವೆಂದು ನನ್ನ ಊಹೆ.

ಅಲ್ಲಿ ಇಳಿಸಿದ ಏಲುಗಳಲ್ಲಿ ಒಂದರ ಹೆಸರು 'ಉಷಃಕಾಲದ ಮರಳುಕೋಟೆಗಳು' ಎಂಬರ್ಥದ್ದು, ಇನ್ನೊಂದು 'ಕಡಲ ಕಲ್ಲಿದ್ದಲು'. ಕಿಟಕಿಯ ಮರೆಯಲ್ಲಿ ನಿಂತು ಅರ್ಧ ಪಿಂಟು ಕುಡಿದೆ. ಹಿರಿಯರ ಎದುರಿಗೆ ಲೋಟ ಹಿಡಿಯುವಷ್ಟು ನಾನಿನ್ನೂ ಪರದೇಶಿಯಾಗಿಲ್ಲ. ತಣ್ಣಗೆ ಕೊರೆಯುವಂತಿರದೆ ಹೂಜಿಯ ನೀರಿನ ತಂಪು, ಸುಟ್ಟ ಕಾಳಿನ ಕಂಪು, ಕೊನೆಯಲ್ಲಿ ಮೆಂತ್ಯದಂತಹ ಕಹಿ. ಶಾಕಾಹಾರಿಗಳಿಗೆ ಒಂದು ಎಚ್ಚರಿಕೆ: ಪೀಪಾಯಿಯ ಏಲನ್ನು ತಿಳಿಗೊಳಿಸಲು ಮೀನಿನ ಗಾಳಿಚೀಲದಿಂದ ಮಾಡಿದ ಅಂಟನ್ನು ಹಾಕುವ ರೂಢಿ ಅನೇಕ ಕಡೆಗಳಲ್ಲಿದೆ. ಕೇಳಿ ತಿಳಿದುಕೊಳ್ಳಬೇಕು, ಕೇಳಿದರೆ ಯಾರೂ ಬೇಸರಿಸುವುದಿಲ್ಲ.

ಊಟದಲ್ಲಿ ಏಡಿಯೂ, ಹತ್ತಿರದ ಕ್ರಾಸ್ಟರ್ ಗ್ರಾಮದಲ್ಲಿ ಓಕ್ ಮರದ ಹೊಟ್ಟಿನ ಹೊಗೆಯಲ್ಲಿ ಹದಮಾಡಿದ ಹೆರಿಂಗ್ ಮೀನೂ ಆ ತೀರದಲ್ಲಿ ಪ್ರಸಿದ್ಧ. ನಮ್ಮದು ಮೀನು ತಿನ್ನದ ಮನೆ. ರೊಟ್ಟಿ, ಗಿಣ್ಣು, ಈರುಳ್ಳಿ, ಉಪ್ಪಿನಕಾಯಿ ಇವುಗಳ ತಟ್ಟೆಯನ್ನು ಹೊರಗೆ ತಂದೆವು. ಇದಕ್ಕೆ ಅಲ್ಲಿ 'ಉಳುವವನ ಊಟ'ವೆಂದು ಹೆಸರು. ಪುರಾತನ ಹೆಸರೆಂದು ತೋರಿದರೂ ಅದನ್ನು ದೇಶದಲ್ಲೆಲ್ಲ ಹಬ್ಬಿಸಿದುದು 1950 ಮತ್ತು 60ರ ದಶಕಗಳಲ್ಲಿ ಗಿಣ್ಣು ಹಾಲುಗಳ ಮಾರಾಟಗಾರರು ಮಾಡಿದ ಪ್ರಚಾರವೇ! ಆದರೂ ತಟ್ಟೆಯನ್ನು ಕಂಡು ಅತ್ತೆಯವರು, "ನಮ್ಮ ಬಯಲುಸೀಮೆಯವರ ಬುತ್ತಿಯ ಹಾಗೆಯೇ ಇದೆಯಲ್ಲೋ" ಎಂದು ಸಂತೋಷದಿಂದ ತಿಂದರು.

ಪಕ್ಕದ ಬೆಂಚಿನಲ್ಲಿ ಒಬ್ಬ ತರುಣನು ಹೆಂಡತಿ ಮಗುವಿನೊಡನೆ ಕುಳಿತಿದ್ದನು. ಮಗುವಿನ ಗಾಳಿಪಟವು ಎಲ್ಲಿಯೋ ಸಿಕ್ಕಿಕೊಂಡಿತು. ಅವನು ಲೋಟವನ್ನಿಟ್ಟು ಓಡಿದನು. ಪಟವನ್ನು ಬಿಡಿಸಿ, ಮಗುವನ್ನು ಹೆಗಲಿಗೇರಿಸಿಕೊಂಡು, ಹೆಂಡತಿಯನ್ನೂ ಕರೆದು ಮೂವರೂ ಮರಳಿನತ್ತ ನಡೆದುಬಿಟ್ಟರು. ಲೋಟದಲ್ಲಿ ಅರ್ಧದಷ್ಟು ಹಾಗೆಯೇ ಉಳಿದಿತ್ತು. ಅತ್ತೆಯವರು ಬಹಳ ಹೊತ್ತು ಅದನ್ನೇ ನೋಡುತ್ತಿದ್ದರು.

"ಅರ್ಧ ಬಿಟ್ಟು ಹೋದನಲ್ಲ!"

"ಹೌದು, ಅತ್ತೆ. ಇಲ್ಲಿ ಹೀಗೆಯೇ" ಎಂದೆ.

"ಇಲ್ಲಿ ಹೀಗೆ, ಸರಿ. ಈ ಊರಿನಲ್ಲಿ ಯಾವ ಮನೆಯ ಹೆಂಗಸೂ ರಾತ್ರಿ ಬಾಗಿಲಲ್ಲಿ ಕಾಯುತ್ತ ನಿಂತಿಲ್ಲವೆಂದು ಹೇಳುತ್ತೀಯೇನು?"

ನಾನು ಹಾಗೆ ಹೇಳಲಿಲ್ಲ, ಹೇಳಲು ಬರುವಂತೆಯೂ ಇರಲಿಲ್ಲ. 1751ರಲ್ಲಿ ಹೋಗಾರ್ತ್ ಎಂಬ ಚಿತ್ರಕಾರನು ಜಿನ್ ಕುಡಿದು ಹಾಳಾದ ಬೀದಿಯನ್ನೂ ಬೀರು ಕುಡಿದು ಕೊಬ್ಬಿದ ಬೀದಿಯನ್ನೂ ಜೋಡಿಯಾಗಿ ಬರೆದು, ಬೀರು ಸಾಧುವಾದುದೆಂದು ಸಾರಿದನು. ಅದನ್ನು ನಂಬಿದಂತೆ 1830ರಲ್ಲಿ ಬೀರಿನಂಗಡಿಗಳಿಗೆ ಧಾರಾಳವಾಗಿ ಅನುಮತಿ ಕೊಟ್ಟಾಗ ಸಾವಿರಾರು ಅಂಗಡಿಗಳೆದ್ದು, ಬೀದಿಗಳಲ್ಲಿ ತೂರಾಡುವವರ ಗೋಳು ಪಾರ್ಲಿಮೆಂಟಿನವರೆಗೂ ಮುಟ್ಟಿತು. ಇಂದಿಗೂ ಆ ದೇಶದ ಆಸ್ಪತ್ರೆಗಳಲ್ಲಿ ಕುಡಿತದಿಂದ ಕೆಟ್ಟ ಯಕೃತ್ತಿನ ರೋಗಿಗಳಿಗೆ ಕೊರತೆಯಿಲ್ಲ. ಬೆಳಕಿನಲ್ಲಿ, ಮಕ್ಕಳ ಎದುರಿಗೆ, ಊಟದ ಜೊತೆಯಲ್ಲಿ ಕುಡಿಯುವವನಿಗೆ ನಾಚಿಕೆಯೆಂಬ ಕಾವಲಿದೆ ಎಂದಷ್ಟೇ ಹೇಳಿದೆ.

"ಅವರಿಗೂ ನಾಚಿಕೆಯಿತ್ತು. ಅದಕ್ಕೇ ಕತ್ತಲಾದ ಮೇಲೆ ಹೋಗುತ್ತಿದ್ದರು" ಎಂದು ಅತ್ತೆಯವರು ಮೆಲ್ಲಗೆ ನುಡಿದರು. ಮೂವತ್ತು ವರ್ಷಗಳಲ್ಲಿ ಯಜಮಾನರ ವಿಷಯವಾಗಿ ಅವರ ಬಾಯಿಂದ ನಾನು ಕೇಳಿದ ಮೊದಲ ಮಾತು ಅದು.

ಆಮೇಲೆ ಮಕ್ಕಳು ಅವರನ್ನು ನೀರಿನ ಬಳಿಗೆ ಕರೆದೊಯ್ದರು. ಇಳಿತದ ಸಮಯ; ಒದ್ದೆ ಮರಳಿನ ಮೇಲೆ ಆಕಾಶವೆಲ್ಲ ಬಿದ್ದಿತ್ತು. ಅತ್ತೆಯವರು ಸೀರೆಯ ನೆರಿಗೆಯನ್ನು ಎತ್ತಿ ಹಿಡಿದು, ಉತ್ತರ ಸಮುದ್ರದ ಹಿಮದಂತಹ ನೀರನ್ನು ತಲೆಗೆ ಪ್ರೋಕ್ಷಿಸಿಕೊಂಡು, "ಅಬ್ಬ, ನಮ್ಮ ತುಂಗೆ ಎಷ್ಟೋ ಮೇಲು" ಎಂದರು. ಬೇಸಗೆಯಲ್ಲಿ ಅಲ್ಲಿ ಒಂಬತ್ತು ಗಂಟೆಯಾದರೂ ಕತ್ತಲಾಗುವುದಿಲ್ಲ. ಗಾಳಿ ಚಳಿಯಾಗತೊಡಗಿದುದರಿಂದ ಏಳರ ಸುಮಾರಿಗೆ ಹೊರಟು ದಿಣ್ಣೆಯನ್ನು ಹತ್ತಿದೆವು. ನನ್ನ ಹೆಂಡತಿ ಗಾಡಿ ನಡೆಸಿದಳು. ಅರ್ಧ ಪಿಂಟಿನ ಗುಟ್ಟು ಅತ್ತೆಯವರಿಗೆ ತಿಳಿದೇ ಇತ್ತೆಂದು ಕಾಣುತ್ತದೆ. ಗಾಡಿ ಹತ್ತುವ ಮೊದಲು ಚೀಲದಿಂದ ಎರಡು ಏಲಕ್ಕಿಯನ್ನು ತೆಗೆದು, ಮಾತಿಲ್ಲದೆ ನನ್ನ ಕೈಗೆ ಕೊಟ್ಟರು.