ಬೀಗದ ಕೈ

ಬೀಗವೆಂಬುದು ಕಳ್ಳನಿಗಾಗಿ ಹುಟ್ಟಿದ ವಸ್ತು. ಆದರೆ ದಿನಬೆಳಗಾದರೆ ಅದರೊಡನೆ ಹೆಣಗಬೇಕಾದವನು ಮನೆಯ ಯಜಮಾನ. ಕಳ್ಳನಾದರೋ ಹೆಂಚು ಸರಿಸಿ ಇಳಿದುಬಿಡುತ್ತಾನೆ. ಬೀಗದ ಕೈಗಾಗಿ ಜೇಬು, ಚೀಲ, ಗೂಡುಗಳನ್ನೆಲ್ಲ ತಡಕಾಡುವ ಕರ್ಮ ಅವನಿಗಿಲ್ಲ. ಗಣಕಯಂತ್ರದ ತಂತ್ರಾಂಶಗಳಿಗೆ ಹಾಕಿದ ಬೀಗಗಳ ಕಥೆಯೂ ಬಹುಮಟ್ಟಿಗೆ ಇದೇ.

1976ರ ಫೆಬ್ರವರಿಯಲ್ಲಿ, 20 ವರ್ಷದ ಬಿಲ್ ಗೇಟ್ಸ್ ಎಂಬ ತರುಣ ಅಮೆರಿಕದ ಗಣಕ ಹವ್ಯಾಸಿಗಳಿಗೊಂದು ಬಹಿರಂಗ ಪತ್ರ ಬರೆದ. ಆಲ್ಟೇರ್ ಯಂತ್ರಕ್ಕಾಗಿ ಅವನೂ ಅವನ ಗೆಳೆಯರೂ ರಚಿಸಿದ್ದ ಬೇಸಿಕ್ ತಂತ್ರಾಂಶ, ರಂಧ್ರ ಕೊರೆದ ಕಾಗದದ ಸುರುಳಿಗಳಾಗಿ ಕೈಯಿಂದ ಕೈಗೆ ಪುಕ್ಕಟೆಯಾಗಿ ಹರಿದಾಡುತ್ತಿತ್ತು. ಯಂತ್ರವುಳ್ಳವರಲ್ಲಿ ನೂರಕ್ಕೆ 10 ಮಂದಿಯೂ ಅದನ್ನು ಕೊಂಡಿಲ್ಲ, ಪಟ್ಟ ಶ್ರಮಕ್ಕೆ ಗಂಟೆಗೆ 2 ಡಾಲರೂ ಗಿಟ್ಟಲಿಲ್ಲ ಎಂಬುದು ಅವನ ಗೋಳು. ಮುಂದೆ ಆತ ಕುಬೇರನಾದುದರಿಂದ ಆ ಪತ್ರವನ್ನು ಓದಿ ನಗುವವರುಂಟು. ಆದರೆ ಕೋಣೆಯ ಮೂಲೆಯಲ್ಲಿ ಕುಳಿತು ಒಬ್ಬನೇ ವರ್ಷಗಟ್ಟಲೆ ದುಡಿದು ಒಂದು ತಂತ್ರಾಂಶವನ್ನು ಹೊರತರುವ ಬಡಪಾಯಿಯ ಪಾಲಿಗೆ ಆ ಗೋಳು ಇಂದಿಗೂ ನಿಜವೇ.

ಆ ಬಳಿಕ ಬೀಗಗಳ ಸುಗ್ಗಿ! 1983ರಲ್ಲಿ ಬಂದ ಲೋಟಸ್ 1-2-3 ಎಂಬ ಲೆಕ್ಕಪತ್ರದ ತಂತ್ರಾಂಶವು, ಮೂಲ ಫ್ಲಾಪಿಯನ್ನು ಯಂತ್ರದ ಬಾಯಿಗಿಡದ ಹೊರತು ಮೇಲೇಳುತ್ತಿರಲಿಲ್ಲ. ಫ್ಲಾಪಿ ಸವೆದರೆ ಗುಮಾಸ್ತನ ಲೆಕ್ಕವೂ ನಿಂತಂತೆ. ಅಂಥ ಫ್ಲಾಪಿಗಳನ್ನು ನಕಲು ಮಾಡಿಕೊಡುವ ತಂತ್ರಾಂಶಗಳಾದರೋ ಪೇಟೆಯಲ್ಲಿ ರಾಜಾರೋಷವಾಗಿ ಮಾರಾಟವಾಗುತ್ತಿದ್ದವು. ಇನ್ನು ಯಂತ್ರದ ಬೆನ್ನಿಗೆ ಸಿಕ್ಕಿಸುವ ಡಾಂಗಲ್ ಎಂಬ ಪುಟ್ಟ ಪೆಟ್ಟಿಗೆ. ಭಾರತೀಯ ಭಾಷೆಗಳ ಅಕ್ಷರಜೋಡಣೆಯ ತಂತ್ರಾಂಶಗಳು ಕೆಲವು ಇದನ್ನು ಕಟ್ಟಿಕೊಂಡೇ ಬಂದವು. ಲಗ್ನಪತ್ರಿಕೆಯ ಅಂಗಡಿಯಲ್ಲಿ ಡಾಂಗಲ್ ಕೆಟ್ಟಿತೆಂದು ಮುಹೂರ್ತ ಕಾಯುತ್ತದೆಯೇ?

ವಿಚಿತ್ರದಲ್ಲಿ ಮೇಲ್ಪಂಕ್ತಿಯಾದುದು ಲೆನ್ಸ್‌ಲಾಕ್. 1985ರಲ್ಲಿ ಬ್ರಿಟನ್ನಿನ ಸ್ಪೆಕ್ಟ್ರಂ ಯಂತ್ರಕ್ಕೆ ಬಂದ ‘ಎಲೀಟ್’ ಎಂಬ ಆಟದೊಡನೆ ಗೆರೆಗೆರೆಯ ಪ್ಲಾಸ್ಟಿಕ್ ಮಸೂರವೊಂದನ್ನು ಕೊಡುತ್ತಿದ್ದರು. ತೆರೆಯ ಮೇಲೆ ಚೂರುಚೂರಾಗಿ ಕಲಸಿಹೋದ ಎರಡು ಅಕ್ಷರಗಳು ಮೂಡುವುವು. ಮಸೂರದಲ್ಲಿ ನೋಡಿ ಅವನ್ನು ಗುರುತಿಸಿದರೆ ಮಾತ್ರ ಪ್ರವೇಶ. ಟೆಲಿವಿಷನ್ ತೀರ ದೊಡ್ಡದಾದರೂ ಕಷ್ಟ, ತೀರ ಸಣ್ಣದಾದರೂ ಕಷ್ಟ. ಸಾಲದುದಕ್ಕೆ ಕೆಲವು ಪೆಟ್ಟಿಗೆಗಳಲ್ಲಿ ಹೊಂದದ ಮಸೂರವನ್ನೇ ಇಟ್ಟು ಕಳುಹಿಸಿಬಿಟ್ಟಿದ್ದರು! ಹಣ ತೆತ್ತ ಹುಡುಗ ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಕಿರಿದಾಗಿಸಿ, ತನ್ನ ದೃಷ್ಟಿಯನ್ನೇ ಶಂಕಿಸುತ್ತ ಕುಳಿತಿರಬೇಕು, ಪಾಪ.

2010ರಲ್ಲಿ ಯೂಬಿಸಾಫ್ಟ್ ಸಂಸ್ಥೆ ತನ್ನ ‘ಅಸ್ಯಾಸಿನ್ಸ್ ಕ್ರೀಡ್ 2’ ಆಟಕ್ಕೆ ಅಂತರಜಾಲದ ಸಂಪರ್ಕ ಸದಾ ಇರಲೇಬೇಕೆಂದು ವಿಧಿಸಿತು. ಮಾರ್ಚಿಯಲ್ಲಿ ಸಂಸ್ಥೆಯ ಸರ್ವರ್‌ಗಳೇ ಕುಸಿದಾಗ, ದುಡ್ಡು ಕೊಟ್ಟವರು ಬಾಗಿಲಾಚೆ ನಿಂತರು. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದಲ್ಲದೆ ಮತ್ತೇನು?

ಬೀಗವನ್ನೇ ಹಾಕದೆ ಗೆದ್ದವರೂ ಇಲ್ಲದಿಲ್ಲ. 1983ರಲ್ಲಿ ಬೋರ್ಲ್ಯಾಂಡ್ ಸಂಸ್ಥೆ ಟರ್ಬೊ ಪ್ಯಾಸ್ಕಲನ್ನು 49.95 ಡಾಲರಿಗೆ ಮಾರಿತು. ಅಂಥ ತಂತ್ರಾಂಶಗಳಿಗೆ ಇತರರು ನೂರಾರು ಡಾಲರು ಕೇಳುತ್ತಿದ್ದ ಕಾಲವದು. ತಂತ್ರಾಂಶವನ್ನು ಪುಸ್ತಕದಂತೆ ಬಳಸಬಹುದೆಂಬುದು ಅದರ ಕರಾರು: ಯಾರು ಬೇಕಾದರೂ ಬಳಸಲಿ, ಯಾವ ಯಂತ್ರಕ್ಕೆ ಬೇಕಾದರೂ ಒಯ್ಯಲಿ, ಒಂದೇ ಪ್ರತಿ ಏಕಕಾಲಕ್ಕೆ ಎರಡೆಡೆ ನಡೆಯದಿದ್ದರೆ ಸಾಕು. ಗೃಹಸ್ಥನನ್ನು ಗೃಹಸ್ಥನೆಂದೇ ಭಾವಿಸಿ ಆಡಿದ ಮಾತು ಇದು. ಎರವಲು ಕೊಟ್ಟ ಪುಸ್ತಕ ಮರಳಿ ಬರುವುದು ಅಪರೂಪವೆಂಬುದನ್ನು ಬಲ್ಲವರು ಸ್ವಲ್ಪ ನಕ್ಕರೂ ತಪ್ಪಲ್ಲ.

ಇವೆರಡರ ನಡುವೆ ಒಂದು ಹಾದಿಯಿದೆ. ಬಾದಾಮಿ ಚಾಲುಕ್ಯರ ತಾಮ್ರಪಟಗಳ ಬಳೆಗೆ ವರಾಹಮುದ್ರೆ ಒತ್ತಿರುತ್ತಿತ್ತು. ದತ್ತಿಯ ಸಾಚಾತನ ತಿಳಿಯಲು ಪ್ರತಿಸಲವೂ ರಾಜಧಾನಿಗೆ ಓಲೆ ಕಳುಹಿಸಬೇಕಿರಲಿಲ್ಲ. ಹಾಗೆಯೇ ತಂತ್ರಾಂಶಕಾರ ತನ್ನಲ್ಲೊಂದು ಗುಟ್ಟಿನ ಸಂಖ್ಯೆ ಇಟ್ಟುಕೊಂಡು, ಕೊಂಡವನ ಹೆಸರಿಗೆ ಅದರಿಂದ ಮುದ್ರೆಯೊತ್ತುತ್ತಾನೆ. ಅದಕ್ಕೆ ಜೋಡಿಯಾದ ಬಹಿರಂಗ ಸಂಖ್ಯೆ ತಂತ್ರಾಂಶದೊಳಗೇ ಅಡಗಿದ್ದು ಮುದ್ರೆಯನ್ನು ಪರೀಕ್ಷಿಸುತ್ತದೆ, ಜಾಲದ ಹಂಗಿಲ್ಲ. ಗುಟ್ಟು ತಿಳಿಯದವನು ಖೋಟಾ ಮುದ್ರೆ ಒತ್ತಲಾರ. ಆದರೆ ಪರೀಕ್ಷಿಸುವ ದ್ವಾರಪಾಲಕನನ್ನೇ ತಂತ್ರಾಂಶದಿಂದ ಕಿತ್ತೆಸೆಯಬಲ್ಲ ಚತುರರಿದ್ದಾರೆ. ಅವರಿಗೆ ಯಾವ ಬೀಗವೂ ಲೆಕ್ಕವಲ್ಲ. ಅವರನ್ನು ತಡೆಯುವ ಹಟಕ್ಕೆ ಬಿದ್ದಾಗಲೆಲ್ಲ ಸಿಕ್ಕಿಬಿದ್ದವನು ಯಜಮಾನನೇ.

ಬೀಗ ಮಾಡಿದವನು ಅಂಗಡಿ ಮುಚ್ಚಿದರೆ? 2013ರ ಆರಂಭದಲ್ಲಿ ಅಡೋಬಿ ಸಂಸ್ಥೆಗೆ ಇಂಥದೊಂದು ಪೇಚು ಬಂತು. 2005ರಲ್ಲಿ ಮಾರಿದ್ದ ಸಿಎಸ್2 ತಂತ್ರಾಂಶಗಳಿಗೆ ಅನುಮತಿ ನೀಡುತ್ತಿದ್ದ ಸರ್ವರನ್ನು ಅದು ನಿಲ್ಲಿಸಿತ್ತು. ಹಳೆಯ ಗಿರಾಕಿ ಹೊಸದಾಗಿ ಸ್ಥಾಪಿಸಹೊರಟರೆ ಹೂಂಗುಟ್ಟುವವರಿಲ್ಲ. ಕಡೆಗೆ ಸಂಸ್ಥೆ ಬೀಗವಿಲ್ಲದ ಪ್ರತಿಗಳನ್ನೂ ಕೀಲಿಸಂಖ್ಯೆಗಳನ್ನೂ ಜಾಲದಲ್ಲಿ ಇರಿಸಿತು. ಸುದ್ದಿ ಹಬ್ಬಿದ್ದೇ ತಡ, ಎಂದೂ ಕಾಸು ಬಿಚ್ಚದವರೆಲ್ಲ ಮುಗಿಬಿದ್ದರು. ಕೊಂಡವರಿಗೆ ಮಾತ್ರವೆಂದು ಸಂಸ್ಥೆ ಸ್ಪಷ್ಟನೆ ನೀಡುತ್ತಿದ್ದರೆ, ಎಂಟು ವರ್ಷದ ಹಿಂದೆ ಹಣ ತೆತ್ತಿದ್ದವರೂ ಆ ನೂಕುನುಗ್ಗಲಿನಲ್ಲೇ ನಿಂತು ತಮ್ಮ ಪ್ರತಿಯನ್ನು ಪಡೆದುಕೊಂಡರು.