ಮಿಸ್ಸಾತು, ಮಿಸ್ ಮಾಡ್ಕೊಂಡೆ

ಹೊಸಪೇಟೆಯ ಬಸ್‌ಸ್ಟ್ಯಾಂಡಿನಲ್ಲಿ ಸ್ವಲ್ಪ ಹೊತ್ತು ನಿಂತರೆ ಸಾಕು, ಈ ಮಾತು ಕಿವಿಗೆ ಬಿದ್ದೇ ಬೀಳುತ್ತದೆ: ‘ಬಸ್ ಮಿಸ್ಸಾತ್ರೀ.’ ಕಂಪ್ಲಿಯ ಸಂತೆಗೆ ಹೊರಟ ಮುದುಕಿ ಹೇಳುತ್ತಾಳೆ, ಸಂಡೂರಿನ ಗಣಿಯಲ್ಲಿ ಎರಡನೆಯ ಪಾಳಿಗೆ ಹೋಗಬೇಕಾದ ಹುಡುಗ ಹೇಳುತ್ತಾನೆ, ಹಂಪಿಗೆ ಹೂವಿನ ಬುಟ್ಟಿ ಹೊತ್ತು ಹೋಗುವಾಕೆ ಹೇಳುತ್ತಾಳೆ. ಇವರಲ್ಲಿ ಯಾರಿಗೂ ತಾವು ಇಂಗ್ಲಿಷ್ ಮಾತಾಡಿದೆವು ಎಂಬ ಭಾವನೆ ಇಲ್ಲ. ನಾನು ಇದೇ ಊರಲ್ಲಿ ಇಂಗ್ಲಿಷ್ ಪಾಠ ಹೇಳುವವಳು. ಮಕ್ಕಳು ನನ್ನನ್ನು ಕರೆಯುವುದೂ ‘ಮಿಸ್’ ಅಂತಲೇ. ‘ಮಿಸ್, ಬಸ್ ಮಿಸ್ಸಾತು ಮಿಸ್’ ಎಂದು ಏದುಸಿರು ಬಿಡುತ್ತ ಬಾಗಿಲಲ್ಲಿ ನಿಲ್ಲುವ ಮಗುವನ್ನು ಒಳಗೆ ಕರೆಯದೆ ಇರಲು ನನ್ನಿಂದ ಆಗುವುದಿಲ್ಲ.

ಈ ಪುಟ್ಟ ಕ್ರಿಯಾಪದವನ್ನು ಅದರ ಬೇರಿನವರೆಗೂ ಬಗೆದು ನೋಡುವ ಅವಕಾಶ ನನಗೆ ಒದಗಿದ್ದು ಒಬ್ಬ ಇಟಲಿಯ ಹೆಣ್ಣುಮಗಳಿಂದ. ಹಂಪಿಯ ಹಜಾರರಾಮ ಗುಡಿಯ ಗೋಡೆಗಳ ಮೇಲಿನ ಕುದುರೆ, ಆನೆ, ಕುಣಿಯುವವರ ಸಾಲುಗಳನ್ನು ಪೆನ್ಸಿಲಿನಲ್ಲಿ ಬಿಡಿಸಲೆಂದು ಆಕೆ ಚಳಿಗಾಲದಲ್ಲಿ ಬಂದಿದ್ದಳು. ಆ ಗುಡಿಯ ಬಗ್ಗೆ 1992ರಲ್ಲಿ ಬಂದ ದೊಡ್ಡ ಪುಸ್ತಕದ ಲೇಖಕರಲ್ಲಿ ಇಟಲಿ ಮೂಲದ ಕಲಾ ಇತಿಹಾಸಕಾರ್ತಿ ಅನ್ನಾ ದಲ್ಲಾಪಿಕ್ಕೊಲಾ ಒಬ್ಬರು. ಅದನ್ನು ನೋಡಿಯೇ ಈಕೆಗೆ ಹಂಪಿಯ ಹುಚ್ಚು ಹಿಡಿದದ್ದು. ಕಮಲಾಪುರದಲ್ಲಿ ನಮ್ಮ ದೊಡ್ಡವ್ವನ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದಳು. ಸಂಜೆ ನಾನು ಹೋದಾಗ ತನ್ನ ಇಂಗ್ಲಿಷ್ ತಿದ್ದಿಸಿಕೊಳ್ಳುತ್ತಿದ್ದಳು. ನನಗೆ ಆಕೆಯ ಭಾಷೆಯ ಮೇಲೆ ಆಸೆ. ಹೀಗಾಗಿ ಕೊಟ್ಟು ತಗೊಳ್ಳುವ ವ್ಯವಹಾರ ಚೆನ್ನಾಗಿ ನಡೆಯಿತು.

ಒಂದು ರಾತ್ರಿ ಆಕೆ ಹೊಸಪೇಟೆ ಸ್ಟೇಷನ್ನಿಂದ ಗಾಬರಿಯಾಗಿ ವಾಪಸು ಬಂದಳು. ಹಂಪಿ ಎಕ್ಸ್‌ಪ್ರೆಸ್ ಹೊರಟುಹೋಗಿತ್ತು. ಆಟೋದವನಿಗೆ ‘ಐ ಲಾಸ್ಟ್ ಮೈ ಟ್ರೈನ್’ ಅಂದಿದ್ದಾಳೆ. ಪಾಪ, ಆತ ಏನೋ ಸಾಮಾನು ಕಳೆದಿದೆ ಎಂದು ತಿಳಿದು ಸ್ಟೇಷನ್ ತುಂಬ ಹುಡುಕಾಡಿದ್ದಾನೆ. ಇಟಲಿಯ ಮಾತಿನಲ್ಲಿ ದುಡ್ಡು ಕಳೆದರೂ, ಕೊಡೆ ಕಳೆದರೂ, ರೈಲು ತಪ್ಪಿದರೂ ಒಂದೇ ಕ್ರಿಯಾಪದ: ಪೆರ್ದೆರೆ. ಅಲ್ಲಿಂದ ಬಂದವರು ಇಂಗ್ಲಿಷಿನಲ್ಲಿ ‘ಲೂಸ್’ ಎಲ್ಲಿ, ‘ಮಿಸ್’ ಎಲ್ಲಿ ಎಂದು ತಡವರಿಸುವುದು ಸಹಜ. ಕನ್ನಡದವರಿಗೆ ಈ ತೊಡಕಿಲ್ಲ. ನಮಗೆ ವಸ್ತು ಕಳೆಯುತ್ತದೆ, ಬಸ್ಸು ತಪ್ಪುತ್ತದೆ. ಗುರಿ ತಪ್ಪುತ್ತದೆ, ದಾರಿ ತಪ್ಪುತ್ತದೆ, ತಾಳ ತಪ್ಪುತ್ತದೆ, ಕೈ ತಪ್ಪುತ್ತದೆ, ಮಾತು ತಪ್ಪುತ್ತದೆ. ಇಂಗ್ಲಿಷಿನ ‘ಮಿಸ್’ ಕೂಡ ಹುಟ್ಟಿದ್ದು ಇಂಥ ಅರ್ಥದಲ್ಲೇ. ಹಳೆಯ ಇಂಗ್ಲಿಷಿನಲ್ಲಿ ಅದು ಮೊದಲಿಗೆ ಬಾಣ ಗುರಿಗೆ ಬೀಳದೆ ಹೋಗುವುದು. ಇಲ್ಲದವರನ್ನು ನೆನೆದು ಮನಸ್ಸು ಮರುಗುವ ಅರ್ಥ ಅದಕ್ಕೆ ಎಷ್ಟೋ ಕಾಲದ ಮೇಲೆ ಸೇರಿಕೊಂಡಿತು.

ಕಷ್ಟ ಇರುವುದು ಆ ಎರಡನೆಯ ಅರ್ಥದಲ್ಲಿ. ಆಕೆ ಊರಿಗೆ ಹೊರಟ ದಿನ ದೊಡ್ಡವ್ವನ ಎರಡೂ ಕೈ ಹಿಡಿದುಕೊಂಡು, ಕಣ್ಣಲ್ಲಿ ನೀರು ತಂದುಕೊಂಡು, ‘ಯೂ ವಿಲ್ ಮಿಸ್ ಮಿ’ ಅಂದಳು. ದೊಡ್ಡವ್ವ ಮೊಮ್ಮಗನ ಕಡೆ ತಿರುಗಿದಳು. ಇಂಗ್ಲಿಷ್ ಮೀಡಿಯಮ್ಮಿನ ಹುಡುಗ ಚೂರೂ ಅಳುಕದೆ ಹೇಳಿದ: ‘ಅವ್ವಾ, ನಾ ಹೋದ್ ಮ್ಯಾಲೆ ನೀ ನನ್ನ ನೆನೆಸಿಕೊಂತ ಕುಂದರ್ತಿ ಅಂತಾಳ.’ ದೊಡ್ಡವ್ವ ತಲೆದೂಗಿದಳು. ‘ಹೌದವ್ವಾ ತಂಗಿ, ಖರೇನ ಐತಿ. ನೀನಿಲ್ದ ನಂಗ ಬ್ಯಾಸರಾಗತೈತಿ.’

ಆಕೆ ಹೇಳಲು ಹೊರಟಿದ್ದು ಬೇರೆ. ಇಟಲಿಯ ಮಾತಿನಲ್ಲಿ ಅಗಲುವಾಗ ಹೇಳುವುದು ‘ಮಿ ಮಾಂಕೆರಾಯ್’ ಎಂದು. ‘ಮಿ’ ಅಂದರೆ ನನಗೆ. ಉಳಿದದ್ದು ಕ್ರಿಯಾಪದ, ಅದರ ಬಾಲದಲ್ಲಿ ‘ನೀನು’ ಇದ್ದಾನೆ. ನೀನು ನನಗೆ ಕೊರತೆಯಾಗುವೆ, ನೀನಿಲ್ಲದ ಜಾಗ ನನ್ನಲ್ಲಿ ಉಳಿಯುತ್ತದೆ, ಅಷ್ಟು. ಅದನ್ನು ಪದಕ್ಕೆ ಪದ ಇಂಗ್ಲಿಷಿಗೆ ಇಳಿಸಿದಾಗ ‘ನೀನು’ ಮುಂದೆ ಬಂದು ಕರ್ತೃವಾಗಿ ಕೂತ, ‘ನಾನು’ ಹಿಂದೆ ಹೋಗಿ ಕರ್ಮವಾದೆ. ಅಳುವವರೇ ಅದಲುಬದಲಾದರು. ಇಂಗ್ಲಿಷ್ ಕಲಿಯುವ ಇಟಲಿಯವರು ಬಹಳ ಮಂದಿ ಈ ವಾಕ್ಯದಲ್ಲಿ ಹೀಗೇ ಎಡವುತ್ತಾರೆ. ಫ್ರೆಂಚರ ವಾಕ್ಯವೂ ಇದೇ ಜಾಡಿನದು.

ಆ ರಾತ್ರಿ ಮನೆಗೆ ಬಂದು ಕನ್ನಡದಲ್ಲಿ ಇದನ್ನು ಹೇಗೆ ಹೇಳುತ್ತೇವೆ ಎಂದು ಯೋಚಿಸಿದೆ. ‘ನೀ ನಂಗ ನೆನಪಾಗ್ತಿ.’ ಬರೆದು ನೋಡಿದರೆ ರೋಮಾಂಚನ! ‘ನಂಗ’ ಅನ್ನುವುದು ಚತುರ್ಥಿ, ಇಟಲಿಯ ‘ಮಿ’ ಇದ್ದ ಜಾಗದಲ್ಲೇ ಇದೆ. ಕ್ರಿಯಾಪದ ನಿನ್ನದು, ಅದರ ಬಾಲದಲ್ಲಿ ‘ನೀನು’ ಇದ್ದೀಯ. ಆ ‘ನೀ’ಯನ್ನು ಬಿಟ್ಟು ‘ನಂಗ ನೆನಪಾಗ್ತಿ’ ಅಂದರೂ ಯಾರೆಂದು ತಿಳಿಯುತ್ತದೆ. ಅವರೂ ಹಾಗೆಯೇ ಸರ್ವನಾಮ ಬಿಟ್ಟು ‘ಮಿ ಮಾಂಕಿ’ ಅನ್ನುತ್ತಾರೆ. ಇನ್ನೂ ಸೋಜಿಗವೆಂದರೆ ಮಧ್ಯಮ ಪುರುಷ ಏಕವಚನಕ್ಕೆ ಎರಡೂ ಭಾಷೆಗಳು ಬಳಸುವುದು ಇಕಾರವನ್ನೇ: ಮಾಂಕಿ, ನೆನಪಾಗ್ತಿ. ನಂಟಿಲ್ಲದ ಎರಡು ಭಾಷೆಗಳಲ್ಲಿ ಇದು ಬರಿಯ ಆಕಸ್ಮಿಕ. ಆದರೂ ನನಗೆ ಅದರ ಮೇಲೆ ಪ್ರೀತಿ.

ಬಳ್ಳಾರಿ ಸೀಮೆಯ ಮನೆಗಳಲ್ಲಿ ತೆಲುಗು ಹೊರಗಿನದಲ್ಲ. ಪಕ್ಕದ ಮನೆಯಾಕೆಯನ್ನು ಕೇಳಿದರೆ ‘ನಾಕು ಗುರ್ತೊಸ್ತಾವು’ ಅಂದಳು: ನೀನು ನನಗೆ ನೆನಪಿಗೆ ಬರುತ್ತೀ. ದಖನಿ ಮಾತಾಡುವ ಗೆಳತಿಯದು ‘ಮೇರೆಕು ತುಮ್ಹಾರಿ ಯಾದ್ ಆತಿ’: ನಿನ್ನ ನೆನಪು ನನ್ನ ಬಳಿಗೆ ಬರುತ್ತದೆ. ಒಂದೇ ಓಣಿಯ ಈ ಭಾಷೆಗಳೆಲ್ಲ ಒಂದೇ ಮಾತು ಆಡುತ್ತವೆ. ಅಗಲಿದವರು ತಾವಾಗಿ ಬರುತ್ತಾರೆ. ನಾವು ಬರಮಾಡಿಕೊಳ್ಳುವ ಜಾಗ, ‘ಗೆ’ ಎಂಬ ಪ್ರತ್ಯಯ ಹಚ್ಚಿಕೊಂಡು ಕೂತವರು. ಹಸಿವೂ ನಮಗೆ ಆಗುತ್ತದೆ, ಚಳಿಯೂ ಆಗುತ್ತದೆ, ಸಿಟ್ಟೂ ಬರುತ್ತದೆ, ಮನೆ ನಮಗೆ ಇಷ್ಟವಾಗುತ್ತದೆ. ಇಷ್ಟದ ಮಾತಿನಲ್ಲಿ ಇಟಲಿಯವರೂ ನಮ್ಮ ಪಂಕ್ತಿಯವರೇ: ‘ಮಿ ಪಿಯಾಚೆ’, ನನಗೆ ಹಿಡಿಸುತ್ತದೆ. ಇಂಗ್ಲಿಷಿನಲ್ಲಿ ಮಾತ್ರ ‘ಐ’ ಎದ್ದು ನಿಂತು ಎಲ್ಲವನ್ನೂ ಮಾಡಬೇಕು. ಮೊದಲು ಹಾಗಿರಲಿಲ್ಲ. ಹಳೆಯ ಇಂಗ್ಲಿಷಿನಲ್ಲಿ ಇವತ್ತಿನ ‘ಲೈಕ್’ನ ಪೂರ್ವಜ ಪದಕ್ಕೆ ಹಿಡಿಸುವುದು ಎಂಬ ಅರ್ಥವಿತ್ತು, ಹಿಡಿಸಿಕೊಂಡವರು ಚತುರ್ಥಿಯಲ್ಲಿ ಇರುತ್ತಿದ್ದರು. ಕೆಲವು ಶತಮಾನಗಳಲ್ಲಿ ಆ ವಾಕ್ಯವೇ ಮಗುಚಿಕೊಂಡಿತು. ತರಗತಿಯಲ್ಲಿ ಇದನ್ನು ಹೇಳಿದಾಗ ಮಕ್ಕಳ ಮುಖ ಅರಳಿದ್ದನ್ನು ನೋಡಬೇಕಿತ್ತು. ಇಂಗ್ಲಿಷ್ ತಮಗೆ ದಕ್ಕದ ಸಿರಿವಂತರ ಸೊತ್ತು ಎಂದು ಹೆದರಿದವರಿಗೆ, ಅದೂ ಒಂದು ಕಾಲಕ್ಕೆ ತಮ್ಮ ಅವ್ವನ ಹಾಗೆ ಮಾತಾಡುತ್ತಿತ್ತು ಎಂದು ತಿಳಿಯುವುದು ಸಣ್ಣ ಸಂಗತಿಯಲ್ಲ.

ಬಳ್ಳಾರಿಗೂ ನಿಘಂಟಿಗೂ ಹಳೆಯ ನಂಟು. ಲಂಡನ್ ಮಿಷನರಿ ಸೊಸೈಟಿಯ ವಿಲಿಯಂ ರೀವ್ ಬಳ್ಳಾರಿಯಲ್ಲಿದ್ದುಕೊಂಡು ಕಟ್ಟಿದ ಇಂಗ್ಲಿಷ್–ಕನ್ನಡ ನಿಘಂಟು 1824ರಲ್ಲಿ, ಕನ್ನಡ–ಇಂಗ್ಲಿಷ್ ನಿಘಂಟು 1832ರಲ್ಲಿ ಅಚ್ಚಾದವು. ಕಿಟೆಲ್ ಅವರ ದೊಡ್ಡ ನಿಘಂಟು ಬಂದದ್ದು 1894ರಲ್ಲಿ. ಇಂಥ ದುಡಿಮೆಗೆ ನಾನು ಕೈಮುಗಿಯುತ್ತೇನೆ. ಆದರೆ ಇಂಗ್ಲಿಷ್ ಪದ ಒಂದು ಕಡೆ, ಕನ್ನಡ ಪದ ಒಂದು ಕಡೆ ಇಟ್ಟು ಕಲಿಸಿದರೆ ‘ಮಿಸ್’ ಸಿಕ್ಕುವುದಿಲ್ಲ. ಯಾರು ಯಾರ ಮುಂದೆ ನಿಲ್ಲಬೇಕು ಎನ್ನುವುದು ವಾಕ್ಯದಲ್ಲೇ ಕಾಣಬೇಕು.

ಇಟಲಿಯವರು ಈ ನೆಲಕ್ಕೆ ಬರುತ್ತಿರುವುದು ಇಂದು ನಿನ್ನೆಯಲ್ಲ. ವೆನಿಸ್ಸಿನ ನಿಕೊಲೊ ದೆ ಕೊಂಟಿ 1420ರ ಸುಮಾರಿಗೆ ವಿಜಯನಗರವನ್ನು ಕಂಡ. ಅವನು ಬಾಯಲ್ಲಿ ಹೇಳಿದ್ದನ್ನು ಪೊಜ್ಜೊ ಬ್ರಾಚ್ಚೊಲೀನಿ ಎಂಬ ವಿದ್ವಾಂಸ ಲ್ಯಾಟಿನ್ನಿನಲ್ಲಿ ಬರೆದಿಟ್ಟ. ನನ್ನ ಮನಸ್ಸಿಗೆ ಹತ್ತಿರವಾಗುವವನು ಮಾತ್ರ ಚೇಸರೆ ಫೆದೆರಿಚಿ ಎಂಬ ವ್ಯಾಪಾರಿ. 1565ರ ಯುದ್ಧದಲ್ಲಿ ರಾಜ್ಯ ಸೋತ ಮೇಲೆ, 1567ರಲ್ಲಿ, ಅವನು ಇಲ್ಲಿಗೆ ಬಂದು 7 ತಿಂಗಳು ಉಳಿದ. ಮನೆಗಳು ನಿಂತೇ ಇವೆ, ಒಳಗೆ ಜನರಿಲ್ಲ, ಹುಲಿ ಮುಂತಾದ ಕಾಡುಮೃಗಗಳು ಸೇರಿಕೊಂಡಿವೆಯಂತೆ ಎಂಬರ್ಥದಲ್ಲಿ ಬರೆದ. ಮನೆಯಿದ್ದು ಜನ ಇಲ್ಲದ ಊರು. ‘ಮಾಂಕಾರೆ’, ಅಂದರೆ ಕೊರತೆಯಾಗು, ಎಂಬ ಅವನ ಭಾಷೆಯ ಕ್ರಿಯಾಪದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಸಿಕ್ಕಿಲ್ಲ.

2011ರಲ್ಲಿ ವಿರೂಪಾಕ್ಷ ಗುಡಿಯ ಮುಂದಿನ ಬಜಾರಿನ ಸಾಲುಮಂಟಪಗಳಲ್ಲಿ ಅಂಗಡಿ, ಮನೆ ಮಾಡಿಕೊಂಡಿದ್ದವರನ್ನು ಎಬ್ಬಿಸಿದರು. ಕಲ್ಲಿನ ಕಂಬಗಳು ಉಳಿಯಬೇಕು ಎಂಬುದನ್ನು ನಾನು ಒಪ್ಪುತ್ತೇನೆ. ಆ ಕಂಬಗಳಿಗೆ ತೊಟ್ಟಿಲು ಕಟ್ಟಿ ಮಕ್ಕಳನ್ನು ಬೆಳೆಸಿದವರ ಸಂಕಟ ಅಷ್ಟೇ ನಿಜ ಎಂದೂ ಹೇಳುತ್ತೇನೆ. ಕಡ್ಡಿರಾಂಪುರದ ಕಡೆಗೆ ಹೋಗಿ ನೆಲೆಸಿದ ಮನೆಯವಳೊಬ್ಬಳು ನನ್ನ ತರಗತಿಯಲ್ಲಿ ಓದಿದಳು. ‘ಮಿಸ್’ ಇಟ್ಟು ಒಂದು ವಾಕ್ಯ ಬರೆಯಿರಿ ಎಂದರೆ ಉಳಿದವರೆಲ್ಲ ಬಸ್ಸು, ರೈಲು ಎಂದು ಬರೆದರು. ಈಕೆ ಮೊದಲು ಕನ್ನಡದಲ್ಲಿ ಬರೆದುಕೊಂಡಿದ್ದಳು: ‘ನಂಗ ಬಜಾರು ನೆಪ್ಪಾಗತೈತಿ.’ ಅದನ್ನು ಇಂಗ್ಲಿಷಿಗೆ ತಿರುಗಿಸುವಾಗ ‘ಬಜಾರ್ ಮಿಸಸ್ ಮಿ’ ಮಾಡಿದ್ದಳು. ಇಟಲಿಯ ಹೆಣ್ಣುಮಗಳ ವಾಕ್ಯವೇ! ತಿದ್ದಬೇಕಾದ್ದು ನನ್ನ ಕೆಲಸ, ತಿದ್ದಿದೆ. ಪರೀಕ್ಷೆಯಲ್ಲಿ ಅವಳಿಗೆ ಅಂಕ ಬೇಕು. ಆದರೆ ಆ ವಾಕ್ಯ ಎಲ್ಲಿಂದ ಬಂತು, ಅದರ ಹಿಂದೆ ಎಂಥ ಗಟ್ಟಿಯಾದ ವ್ಯಾಕರಣವಿದೆ ಎಂಬುದನ್ನೂ ಬೋರ್ಡಿನ ಮೇಲೆ ಬರೆದು ತೋರಿಸಿದೆ.

ನಮ್ಮವರು ಈ ಇಂಗ್ಲಿಷ್ ಪದವನ್ನು ತಂದು ಏನು ಮಾಡಿದ್ದಾರೆ ನೋಡಿ. ಹೊರಗಿನ ಕ್ರಿಯೆಯನ್ನು ಒಳಗೆ ಕರೆದುಕೊಳ್ಳುವಾಗ ಇಟಲಿಯವರು ಅದಕ್ಕೆ ‘ಆರೆ’ ಎಂಬ ಬಾಲ ಹಚ್ಚುತ್ತಾರೆ, ‘ಕ್ಲಿಕ್’ ಅವರಲ್ಲಿ ‘ಕ್ಲಿಕ್ಕಾರೆ’ ಆಗಿದೆ. ನಮ್ಮ ಪತ್ರಿಕೆಗಳು ‘ಇಸು’ ಹಚ್ಚಿ ‘ಕ್ಲಿಕ್ಕಿಸು’ ಮಾಡಿದವು. ಆದರೆ ಬಾಯಿಮಾತಿನಲ್ಲಿ ನಾವು ಹೆಚ್ಚಾಗಿ ನೆಚ್ಚುವುದು ‘ಆಗು’ ಮತ್ತು ‘ಮಾಡು’ಗಳನ್ನು. ಬಸ್ ಮಿಸ್ಸಾತು: ನನ್ನದೇನೂ ತಪ್ಪಿಲ್ಲ, ಕಂಪ್ಲಿ ಸೇತುವೆಯ ಮೇಲೆ ಹೊಳೆ ಬಂದಿತ್ತು, ಬಸ್ಸೇ ಬರಲಿಲ್ಲ. ಬಸ್ ಮಿಸ್ ಮಾಡ್ಕೊಂಡೆ: ಹರಟುತ್ತ ಕೂತು, ಕಣ್ಣೆದುರೇ ಹೋಗಗೊಟ್ಟೆ, ನಷ್ಟ ನನಗೇ. ಈ ಎರಡಕ್ಕೂ ಇಂಗ್ಲಿಷಿನಲ್ಲಿ ಇರುವುದು ಒಂದೇ ವಾಕ್ಯ. ನಮಗೆ ವ್ಯತ್ಯಾಸ ತಂದುಕೊಟ್ಟದ್ದು ‘ಕೊಳ್ಳು’. ಹಾಲು ಚೆಲ್ಲಿದರೆ ಒಂದು, ಮೈಮೇಲೆ ಚೆಲ್ಲಿಕೊಂಡರೆ ಇನ್ನೊಂದು. ಕೈ ಕೊಯ್ದರೆ ಒಂದು, ಕೊಯ್ದುಕೊಂಡರೆ ಇನ್ನೊಂದು. ಮಾಡಿದ್ದರ ಫಲ ಮಾಡಿದವರಿಗೇ ತಿರುಗಿ ಬರುವುದನ್ನು ಈ ಒಂದು ಕ್ರಿಯಾಪದ ಹೇಳಿಬಿಡುತ್ತದೆ.

‘ನಿನ್ನ ಭಾಳ ಮಿಸ್ ಮಾಡ್ಕೊಂತೀನಿ’ ಎಂದು ಕಾಲೇಜು ಹುಡುಗಿಯರು ಹೇಳಿದಾಗ ಕನ್ನಡ ಕೆಟ್ಟಿತು ಎಂದು ಮುಖ ಸಿಂಡರಿಸುವವರನ್ನು ಕಂಡಿದ್ದೇನೆ. ನನಗೆ ಹಾಗೆನ್ನಿಸುವುದಿಲ್ಲ. ಇಂಗ್ಲಿಷ್ ವಾಕ್ಯ ‘ನಾನು’ವನ್ನು ಕರ್ತೃವಾಗಿ ನಿಲ್ಲಿಸಿತು. ಬರಿಯ ‘ಮಿಸ್ ಮಾಡ್ತೀನಿ’ ಅಂದರೆ ಅದು ತೀರಾ ಒಣ ಕೆಲಸದಂತೆ ಕೇಳುತ್ತದೆ. ಆ ಹುಡುಗಿಯರಿಗೆ ಯಾರೂ ಕಲಿಸದೆಯೇ ಅದು ತಿಳಿದಿದೆ. ‘ಕೊಳ್ಳು’ ತಂದು ಸೇರಿಸಿ, ಆ ನೋವನ್ನು ತಿರುಗಿ ತಮ್ಮ ಕಡೆಗೇ ಎಳೆದುಕೊಂಡಿದ್ದಾರೆ. ಚತುರ್ಥಿ ಹೋದ ಜಾಗವನ್ನು ‘ಕೊಳ್ಳು’ ತುಂಬಿದೆ. ಇದು ಭಾಷೆ ಬಲ್ಲವರು ಮಾಡುವ ಕೆಲಸ.

ಇದನ್ನು ಇಟಲಿಗೆ ಬರೆದು ತಿಳಿಸಿದಾಗ ಆಕೆಯಿಂದ ಕೂಡಲೇ ಉತ್ತರ ಬಂತು, ತಮ್ಮಲ್ಲೂ ಇದೆ ಎಂದು. ಬಸ್ಸು ತಪ್ಪಿದರೆ ಬರಿಯ ‘ಪೆರ್ದೆರೆ’ ಸಾಕು. ಹಬ್ಬಕ್ಕೋ ಕುಣಿತಕ್ಕೋ ಹೋಗಲಾಗದೆ ಹೊಟ್ಟೆ ಉರಿದುಕೊಂಡರೆ ಮಾತ್ರ ‘ಮಿ ಸೋನೊ ಪೆರ್ಸಾ ಲಾ ಫೆಸ್ತಾ’. ಅಲ್ಲಿ ಮೊದಲಿಗೆ ಬರುವ ‘ಮಿ’ ಮಾಡುವುದು ನಮ್ಮ ‘ಕೊಳ್ಳು’ ಮಾಡುವ ಕೆಲಸವನ್ನೇ: ಹಬ್ಬ ಕಳೆದುಕೊಂಡೆ, ನನ್ನ ಪಾಲಿನದನ್ನು ನಾನೇ ಬಿಟ್ಟುಕೊಂಡೆ.

ಈಗ ಈ ಕ್ರಿಯಾಪದದ ಪಾಠವನ್ನು ನಾನು ಜಾತ್ರೆಯಿಂದ ಶುರುಮಾಡುತ್ತೇನೆ. ಚೈತ್ರದಲ್ಲಿ ಹಂಪಿಯ ತೇರು. ‘ಐ ಮಿಸ್ಡ್ ದ ಜಾತ್ರೆ’ ಎಂದು ಬೋರ್ಡಿನ ಮೇಲೆ ಬರೆದು, ಇದನ್ನು ಹೇಳಿದವನು ಜಾತ್ರೆಗೆ ಹೋಗಲಿಲ್ಲವೋ, ದೂರದೂರಲ್ಲಿ ಕೂತು ಜಾತ್ರೆಗಾಗಿ ಹಂಬಲಿಸಿದನೋ ಎಂದು ಕೇಳುತ್ತೇನೆ. ಕಂಪ್ಲಿಯ ಹುಡುಗ ‘ಹೋಗ್ಲಿಲ್ಲ ಮಿಸ್, ಅಷ್ಟ’ ಅನ್ನುತ್ತಾನೆ. ಅಣ್ಣ ಬೆಂಗಳೂರಿನಲ್ಲಿ ಕೆಲಸಕ್ಕಿರುವ ಸಂಡೂರಿನ ಹುಡುಗಿ ಒಪ್ಪುವುದಿಲ್ಲ, ತೇರಿನ ದಿನ ಅವನು ಫೋನಿನಲ್ಲಿ ಏನಂದ ಎಂದು ಎದ್ದು ನಿಂತು ಹೇಳತೊಡಗುತ್ತಾಳೆ. ಹಿಂದಿನ ಬೆಂಚಿನಿಂದ ಮತ್ತೊಬ್ಬ ‘ಎರಡೂ ಆಗತೈತಿ, ಹೋಗ್ಲಿಲ್ಲ ಅಂತಾನ ಹಂಬಲ್ಸಿದ’ ಎಂದು ಕೂಗುತ್ತಾನೆ. ಗಲಾಟೆ ಏರುತ್ತದೆ, ಪಕ್ಕದ ಕೋಣೆಯ ಗಣಿತದ ಮೇಷ್ಟ್ರು ಬಾಗಿಲಿಗೆ ಬಂದು ನೋಡುತ್ತಾರೆ. ನಾನು ಮಕ್ಕಳನ್ನು ಸುಮ್ಮನಿರಿಸುವುದಿಲ್ಲ. ಎರಡೂ ಅರ್ಥಕ್ಕೆ ಒಂದೊಂದು ಕನ್ನಡ ವಾಕ್ಯ ಬರೆಯಿರಿ, ಆಮೇಲೆ ಯಾವುದು ಇಂಗ್ಲಿಷಿನಲ್ಲಿ ಉಳಿಯಿತು, ಯಾವುದು ಉಳಿಯಲಿಲ್ಲ ನೋಡೋಣ ಎನ್ನುತ್ತೇನೆ.