ಅಂಗೈಯಗಲದ ಅಮೂರ್ತ ಚಿತ್ರ

ಅಮೂರ್ತ ರೇಖಾಚಿತ್ರದಲ್ಲಿ ಗುರುತು ಹಿಡಿಯಲು ಮರ, ಮನೆ, ಮುಖ ಯಾವುದೂ ಇರುವುದಿಲ್ಲ. ಗೆರೆ, ಚುಕ್ಕಿ, ಅವುಗಳ ನಡುವೆ ಉಳಿದ ಕಾಗದ, ಇಷ್ಟೇ ಅದರ ಬಂಡವಾಳ. 1910ರ ದಶಕದಲ್ಲಿ ಯುರೋಪಿನಲ್ಲಿ ಈ ಕಲೆ ರೂಪುಗೊಳ್ಳುವಾಗ ವಾಸಿಲಿ ಕ್ಯಾಂಡಿನ್‌ಸ್ಕಿ, ಪೌಲ್ ಕ್ಲೇ ನಡೆಸಿದ ಎಷ್ಟೋ ಪ್ರಯೋಗಗಳಿಗೆ ಕಾಗದದ ಹಾಳೆಯೇ ಸಾಕಾಗಿತ್ತು. 1922ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ನಡೆದ, ಜರ್ಮನಿಯ ಬೌಹೌಸ್ ಕಲಾಶಾಲೆಯ ಪ್ರದರ್ಶನಕ್ಕೆ ಇವರಿಬ್ಬರ ಕೃತಿಗಳೂ ಬಂದಿದ್ದವು.

ಚಿಕ್ಕ ಚಿತ್ರ ನೋಡುಗರನ್ನು ಹತ್ತಿರಕ್ಕೆ ಕರೆಯುತ್ತದೆ. ‘ಇದು ಏನು?’ ಎಂಬ ಪ್ರಶ್ನೆಯನ್ನು ಬದಿಗಿಟ್ಟು ಒಂದು ಗೆರೆಯ ಬೆನ್ನು ಹತ್ತಬೇಕು: ಎಲ್ಲಿ ಹುಟ್ಟಿತು, ಎಲ್ಲಿ ಕೈ ಭಾರ ಬಿಟ್ಟಿತು, ಎಲ್ಲಿ ಶಾಯಿ ತೆಳುವಾಯಿತು, ಇನ್ನೊಂದು ಗೆರೆಯನ್ನು ದಾಟಿತೋ ಅದರ ಹತ್ತಿರ ಬಂದು ತಿರುಗಿತೋ. ಆಗ ಚಿತ್ರ ಬರೆದ ಕೈಯ ವೇಗವೇ ಕಣ್ಣಿಗೆ ದಕ್ಕುತ್ತದೆ. ಕ್ಲೇ ತಮ್ಮ ಹಾಳೆಗಳನ್ನು ರಟ್ಟಿಗೆ ಅಂಟಿಸಿ, ಕೆಳಗೆ ವರ್ಷ, ಕ್ರಮಸಂಖ್ಯೆ, ಹೆಸರು ಬರೆಯುತ್ತಿದ್ದರು. ಆ ಹೆಸರನ್ನು ಕೊನೆಗೆ ಓದುವುದು ಒಳ್ಳೆಯದು. ಮೊದಲೇ ಓದಿದರೆ ಕಣ್ಣು ಹೆಸರಿಗೆ ತಕ್ಕ ಆಕಾರವನ್ನಷ್ಟೇ ಹುಡುಕುತ್ತದೆ.

ದಾವಣಗೆರೆ, ಹರಿಹರದ ಕಣ್ಣಿಗೆ ಈ ಅಭ್ಯಾಸ ಹೊಸದಲ್ಲ. ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ಹರಿಹರೇಶ್ವರ ದೇವಾಲಯದಲ್ಲಿ ಕಡೆದು ನಯಗೊಳಿಸಿದ ಕಂಬಗಳಿವೆ. ಅವುಗಳ ಸುತ್ತಿನ ಬಳೆಗಳು, ಅಂಚುಗಳು ಯಾವ ಕಥೆಯನ್ನೂ ಹೇಳುವುದಿಲ್ಲ; ಉಬ್ಬು ತಗ್ಗುಗಳ ಮೇಲೆ ಬೆಳಕು ಜಾರುವ ಲಯದಿಂದಲೇ ಮನಸ್ಸನ್ನು ಹಿಡಿಯುತ್ತವೆ. ಮನೆಯ ಮುಂದಿನ ಚುಕ್ಕಿ ರಂಗೋಲಿಯಲ್ಲೂ ನೋಡುವವರ ಕಣ್ಣು ಎಳೆಯ ಜೊತೆಗೇ ಸುತ್ತಿ ಬರುತ್ತದೆ. ಆದರೆ ರಂಗೋಲಿ, ಅಮೂರ್ತ ಚಿತ್ರ ಎರಡೂ ಒಂದೇ ಎನ್ನುವುದು ಅವಸರದ ಮಾತು. ರಂಗೋಲಿಯ ಚುಕ್ಕಿಗಳ ಲೆಕ್ಕ ಎಲ್ಲರಿಗೂ ಸೇರಿದ್ದು, ಎಳೆ ಎಲ್ಲಿ ಬಂದು ಕೂಡುತ್ತದೆಂಬುದು ಮೊದಲೇ ಗೊತ್ತು. ಕ್ಯಾಂಡಿನ್‌ಸ್ಕಿಯ ಹಾಳೆಯಲ್ಲಿ ಅಂಥ ಒಪ್ಪಂದವಿಲ್ಲ. ಪ್ರತಿ ಗೆರೆಯೂ ಮುಂದಿನ ಗೆರೆಗೆ ಹೊಸ ಸಮಸ್ಯೆ ಒಡ್ಡುತ್ತದೆ. ಆ ಸಮಸ್ಯೆ ಹೇಗೆ ಬಗೆಹರಿಯಿತು ಎಂದು ಕಾಣುವುದೇ ಅದರ ರಸ.

ಕಾಗದ ಬೆಳಕಿಗೆ ಬೇಗ ಮಾಸುವುದರಿಂದ ಸಂಗ್ರಹಾಲಯಗಳೂ ಇಂಥ ಮೂಲಕೃತಿಗಳನ್ನು ಬಹುಕಾಲ ಗೋಡೆಯ ಮೇಲೆ ಇಡುವುದಿಲ್ಲ. ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯದ ವಿದ್ಯಾರ್ಥಿಗೂ ಇವು ಹೆಚ್ಚಾಗಿ ಸಿಗುವುದು ಅಚ್ಚಿನಲ್ಲಿ, ಇಲ್ಲವೇ ಮೊಬೈಲ್ ಪರದೆಯ ಮೇಲೆ. ಅಲ್ಲಿ ಮೊದಲು ಕಳೆದುಹೋಗುವುದು ಅಳತೆ. ಚಿತ್ರದ ಕೆಳಗೆ ಕೊಟ್ಟ ಸೆಂಟಿಮೀಟರುಗಳನ್ನು ನೋಡಿ ಅಷ್ಟೇ ದೊಡ್ಡ ಕಾಗದ ಕತ್ತರಿಸಿ ಪಕ್ಕದಲ್ಲಿಟ್ಟುಕೊಂಡರೆ, ಯಾವ ಗೆರೆ ಬೆರಳಿನ ಚಲನೆ, ಯಾವುದು ಮಣಿಕಟ್ಟಿನದು ಎಂದು ಊಹಿಸುವುದು ಸುಲಭವಾಗುತ್ತದೆ.